ಟೈಮರ್ ಮಾದರಿಯ ಫ್ರಾಸ್ಟ್-ಫ್ರೀ ಫ್ರಿಜ್: ಹಿಮ ಕರಗಿಸುವ ಮೊದಲು ಒಂದು ಪರೀಕ್ಷೆ

250 ಲೀಟರ್ ಆಸುಪಾಸಿನ ಡಬಲ್ ಡೋರ್, ಡಿಫ್ರಾಸ್ಟ್ ಟೈಮರ್ ಇರುವ ಹಳೆಯ ಮಾದರಿ. ವರ್ಷಗಟ್ಟಲೆ ಬಳಸಿದ ಮೇಲೆ ಧೈರ್ಯವಾಗಿ ಹೇಳಬಹುದು: ಕಂಪ್ರೆಸರ್ ಗಟ್ಟಿ, ಫ್ರೀಜರ್ ಮೈನಸ್ 18 ಡಿಗ್ರಿಗೆ ಸಲೀಸಾಗಿ ಇಳಿಯುತ್ತದೆ. ಕೈಕೊಡುವುದು ಡಿಫ್ರಾಸ್ಟ್ ವ್ಯವಸ್ಥೆ, ಅಂದರೆ ಟೈಮರ್ ಆಗಾಗ ಕಂಪ್ರೆಸರ್ ನಿಲ್ಲಿಸಿ ಹೀಟರಿನಿಂದ ಒಳಗಿನ ಹಿಮ ಕರಗಿಸುವ ಏರ್ಪಾಡು.

ಲಕ್ಷಣ ಹೀಗಿರುತ್ತದೆ: ಮೇಲೆ ಐಸ್ ಗಟ್ಟಿಯಾಗಿಯೇ ಇರುತ್ತದೆ, ಕೆಳಗೆ ಮಾತ್ರ ಹಾಲು ಒಡೆಯುತ್ತದೆ, ಮೊಸರು ಒಂದೇ ದಿನಕ್ಕೆ ಹುಳಿಯಾಗುತ್ತದೆ. ಕೂಲಿಂಗ್ ಕಾಯಿಲ್ ಇರುವುದು ಫ್ರೀಜರಿನ ಹಿಂದಿನ ಪ್ಯಾನೆಲ್ ಒಳಗೆ ಮಾತ್ರ. ಅಲ್ಲಿನ ತಣ್ಣನೆ ಗಾಳಿಯನ್ನೇ ಫ್ಯಾನ್ ಕೆಳಕ್ಕೆ ದೂಡುತ್ತದೆ. ಕಾಯಿಲಿನ ರೆಕ್ಕೆಗಳ ನಡುವೆ ಹಿಮ ತುಂಬಿಕೊಂಡರೆ ಗಾಳಿಗೆ ದಾರಿಯಿಲ್ಲ.

ಇಂಥ ಹೊತ್ತಿನಲ್ಲಿ ಬಂದ ಮೆಕ್ಯಾನಿಕ್ "ಗ್ಯಾಸ್ ಹೋಗಿದೆ" ಎಂದರೆ ತಕ್ಷಣ ಒಪ್ಪಬೇಡಿ. ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತದೆ, ಸೋರದೆ ಖಾಲಿಯಾಗುವುದಿಲ್ಲ. ಪ್ಲಗ್ ಕಿತ್ತು ಪ್ಯಾನೆಲ್ ತೆಗೆಸಿ ನೋಡಿ. ಕಾಯಿಲ್ ಪೂರ್ತಿ ಒಂದೇ ಸಮನೆ ಬೆಳ್ಳಗಿದ್ದರೆ ಗ್ಯಾಸ್ ಸರಿಯಾಗಿದೆ, ಹಿಮ ಕರಗುತ್ತಿಲ್ಲ ಅಷ್ಟೆ. ಮೊದಲ ಒಂದೆರಡು ಸುತ್ತಿಗೆ ಮಾತ್ರ ಹಿಮ ಹಿಡಿದು ಉಳಿದದ್ದು ಬರಿದಾಗಿದ್ದರೆ ಸೋರಿಕೆಯ ಅನುಮಾನ ನ್ಯಾಯ.

ಎಲ್ಲರೂ ಮೊದಲು ಮಾಡುವುದು ಬಾಗಿಲು ತೆರೆದಿಟ್ಟು ಹಿಮ ಕರಗಿಸುವುದು. ಅದರಿಂದ ಒಂದು ವಾರ, ಹತ್ತು ದಿನ ಫ್ರಿಜ್ ಹೊಸದರಂತೆ ಓಡುತ್ತದೆ, ಆಮೇಲೆ ಮತ್ತದೇ ಪಾಡು. ಜೊತೆಗೆ ಕಾಯಿಲ್ ಬೆಚ್ಚಗಾದರೆ ಬೈಮೆಟಲ್ ಥರ್ಮೋಸ್ಟಾಟ್ (ತಣ್ಣಗಿದ್ದಾಗ ಮಾತ್ರ ಹೀಟರಿಗೆ ಕರೆಂಟ್ ಬಿಡುವ ಸ್ವಿಚ್) ತೆರೆದುಕೊಂಡು ಹೀಟರಿಗೆ ಕರೆಂಟೇ ಹೋಗದು, ಪರೀಕ್ಷಿಸಲು ಆಗುವುದಿಲ್ಲ. ಆದ್ದರಿಂದ ಹಿಮ ಇರುವಾಗಲೇ, ಫ್ರಿಜ್ ಓಡುತ್ತಿರುವಾಗ, ಟೈಮರಿನ ಪ್ಲಾಸ್ಟಿಕ್ ತಿರುಗಣೆಯನ್ನು ಇನ್ಸುಲೇಟೆಡ್ ಸ್ಕ್ರೂಡ್ರೈವರಿನಿಂದ ಬಲಕ್ಕೆ ನಿಧಾನ ತಿರುಗಿಸಿ. "ಟಕ್" ಎಂದ ಕೂಡಲೇ ಕಂಪ್ರೆಸರ್, ಫ್ಯಾನ್ ಎರಡೂ ನಿಲ್ಲಬೇಕು. ಕೆಲವು ನಿಮಿಷದಲ್ಲಿ ಬಿಸಿ ಹೀಟರಿನ ಮೇಲೆ ನೀರು ಬಿದ್ದು "ಚುಂಯ್" ಎನ್ನುವ ಸದ್ದು ಕೇಳಿದರೆ ಹೀಟರ್, ಬೈಮೆಟಲ್, ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಮೂರೂ ಚೆನ್ನಾಗಿವೆ, ಕೆಟ್ಟಿರುವುದು ಟೈಮರ್.

ಸದ್ದೇ ಇಲ್ಲದಿದ್ದರೆ ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿಯಿರಿ. 230 ವೋಲ್ಟಿನ 150 ವ್ಯಾಟ್ ಹೀಟರ್ ಸುಮಾರು 350 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ಥರ್ಮಲ್ ಫ್ಯೂಸ್ ಯಾವಾಗಲೂ ಕನೆಕ್ಷನ್ ತೋರಿಸಬೇಕು. ಬೈಮೆಟಲ್ ಮಾತ್ರ ಹಾಗಲ್ಲ: ಕೋಣೆಯ ಬಿಸಿಯಲ್ಲಿ ಅದು ಓಪನ್ (ಕನೆಕ್ಷನ್ ಇಲ್ಲದೆ) ಇರುವುದೇ ಸರಿ. ಇದು ಗೊತ್ತಿಲ್ಲದೆ ಒಳ್ಳೆಯ ಬೈಮೆಟಲ್ ಬದಲಾಯಿಸಿದವರು ಬಹಳ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಉಪ್ಪು ಬೆರೆಸಿದ ಐಸಿನಲ್ಲಿ ಹತ್ತು ನಿಮಿಷ ಇಟ್ಟು ಆಮೇಲೆ ಅಳೆಯಿರಿ, ಆಗ ಕನೆಕ್ಷನ್ ತೋರಿಸಬೇಕು. ಫ್ಯೂಸ್ ಹೋಗಿದ್ದರೆ ತಂತಿ ಹಾಕಿ ಬೈಪಾಸ್ ಮಾಡಲು ದಯವಿಟ್ಟು ಯಾರಿಗೂ ಬಿಡಬೇಡಿ. ಬೈಮೆಟಲ್ ತೆರೆದುಕೊಳ್ಳದೆ ಅಂಟಿಕೊಂಡ ದಿನ ಹೀಟರನ್ನು ತಡೆಯುವುದು ಆ ಫ್ಯೂಸೊಂದೇ, ಅದಿಲ್ಲದೆ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ.

ಹಿಮವನ್ನು ಚಾಕುವಿನಿಂದ ಕೆರೆಯಲೇಬಾರದು. ಕಾಯಿಲ್ ಅಲ್ಯೂಮಿನಿಯಂ, ಒಂದು ತೂತು ಬಿದ್ದರೆ ಖರ್ಚು ಬೇರೆಯೇ. ಫ್ರಿಜ್ಜಿನ ಲೇಬಲ್ ಮೇಲೆ ಆರ್600ಎ ಎಂದಿದ್ದರೆ ಆ ಗ್ಯಾಸ್ ಬೆಂಕಿ ಹಿಡಿಯುವಂಥದ್ದು, ಇನ್ನಷ್ಟು ಎಚ್ಚರ ಬೇಕು.

ತರಕಾರಿ ಡಬ್ಬದ ಕೆಳಗೆ ನೀರು ನಿಂತರೆ ಡ್ರೈನ್ ತೂತು ಕಟ್ಟಿದೆ ಎಂದರ್ಥ, ಸಿರಿಂಜಿನಲ್ಲಿ ಬಿಸಿನೀರು ಬಿಟ್ಟರೆ ಸಾಕು. ಬಾಗಿಲ ಅಂಚಿನಲ್ಲಷ್ಟೇ ಹಿಮ ಕಟ್ಟಿದರೆ ಗ್ಯಾಸ್ಕೆಟ್ (ಬಾಗಿಲಿನ ರಬ್ಬರ್ ಪಟ್ಟಿ) ಸಡಿಲ. ಕರಾವಳಿ, ಮಲೆನಾಡಿನ ಮಳೆಗಾಲದ ತೇವದ ಗಾಳಿ ಸಣ್ಣ ಸಂದಿಯಲ್ಲೂ ನುಗ್ಗುತ್ತದೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಸುತ್ತ ಎಳೆದು ನೋಡಿ. ಸಲೀಸಾಗಿ ಬಂದ ಜಾಗವನ್ನು ಸೋಪುನೀರಿನಲ್ಲಿ ತೊಳೆದು, ಹೇರ್ ಡ್ರೈಯರಿನಿಂದ ಹದವಾಗಿ ಬೆಚ್ಚಗೆ ಮಾಡಿ ಒತ್ತಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಟೈಮರ್, ಬೈಮೆಟಲ್ ಬಿಡಿಯಾಗಿ ಸಿಗುತ್ತವೆ, ಅವನ್ನು ಮಾತ್ರ ಬದಲಾಯಿಸಿದರೆ ಸಾಕು. ಎಲೆಕ್ಟ್ರಾನಿಕ್ ಬೋರ್ಡಿನ ಹೊಸ ಫ್ರಿಜ್ಜುಗಳಲ್ಲಿ ಈ ತಿರುಗಣೆಯೇ ಇರುವುದಿಲ್ಲ. ನನ್ನ ಮಟ್ಟಿಗೆ ಈ ಮಾದರಿಯ ದೊಡ್ಡ ಅಂಕ ಅದಕ್ಕೇ.