ಹನುಮಂತನಗರದ ಗುಜರಿ ಅಂಗಡಿ: ಒಂದು ವರ್ಷದ ಲೆಕ್ಕ

ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆ, ತುಕ್ಕು ಹಿಡಿದ ಬಾಣಲೆಗಳನ್ನೆಲ್ಲ ಕೂಡಿಟ್ಟು ಮಾರಿದರೆ ನಿಜವಾಗಿ ಏನಾದರೂ ಗಿಟ್ಟುತ್ತದೆಯೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಅಟ್ಟ ತುಂಬಿದಾಗಲೆಲ್ಲ ಏಳುತ್ತಿತ್ತು. ಈ ವಾದಕ್ಕೆ ಒಂದು ಕೊನೆ ಕಾಣಿಸಲೆಂದು, ಕಳೆದ ಒಂದು ವರ್ಷ ಮಾರಿದ್ದನ್ನೆಲ್ಲ ಮೊದಲು ಮನೆಯಲ್ಲೇ ತೂಗಿ, ಬಂದ ಹಣವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಬೀದಿಗೆ ತಳ್ಳುಗಾಡಿ ತರುವ ಹಳೇ ಪೇಪರಿನವರು, ಮೊಬೈಲ್ ಆ್ಯಪ್‌ನಲ್ಲಿ ಕರೆದರೆ ಮನೆಗೆ ಬರುವ ಒಂದು ಕಂಪನಿ, ಬೆಂಗಳೂರಿನ ಹನುಮಂತನಗರದಲ್ಲಿರುವ ನಮ್ಮ ಬೀದಿಯ ತುದಿಯ ಗುಜರಿ ಅಂಗಡಿ, ಹೀಗೆ ಮೂವರೊಡನೆ ವ್ಯವಹರಿಸಿದ್ದೇನೆ. ಈ ಬರಹ ಮುಖ್ಯವಾಗಿ ಅಂಗಡಿಯ ಕುರಿತಾದದ್ದು. ಉಳಿದಿಬ್ಬರು ಹೋಲಿಕೆಗಾಗಿ ಬರುತ್ತಾರೆ.

ಗುಜರಿ ವ್ಯಾಪಾರದಲ್ಲಿ ದರ ಕೇಳುವುದಕ್ಕಿಂತ ತಕ್ಕಡಿ ನೋಡುವುದು ಮುಖ್ಯ ಎಂಬುದು ಮೊದಲ ತಿಂಗಳಲ್ಲೇ ತಿಳಿಯಿತು. ತಳ್ಳುಗಾಡಿಯವರು ಪತ್ರಿಕೆಗೆ ಕಿಲೋಗೆ 16 ರೂಪಾಯಿ ಹೇಳಿದರು, ಅಂಗಡಿಯಲ್ಲಿ 14. ಎರಡು ರೂಪಾಯಿ ಹೆಚ್ಚು ಸಿಕ್ಕಿತೆಂದು ಹಿಗ್ಗಿ ಕೊಟ್ಟರೆ, ಮನೆಯಲ್ಲಿ 10 ಕಿಲೋ ತೂಗಿದ್ದ ಕಟ್ಟು ಅವರ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಏರಿದೊಡನೆ 7 ಕಿಲೋ ಆಯಿತು. ಕೈಗೆ ಬಂದದ್ದು 112 ರೂಪಾಯಿ. ಎಂದರೆ ನಿಜವಾದ ದರ 11 ರೂಪಾಯಿ 20 ಪೈಸೆ. ಬಿಸಿಲಿನಲ್ಲಿ ಗಾಡಿ ತಳ್ಳುವವರ ಮೇಲೆ ನನಗೆ ಸಿಟ್ಟೇನಿಲ್ಲ. ಹೆಚ್ಚಿನ ದರ ಹೇಳದಿದ್ದರೆ ಮನೆಯವರು ಬಾಗಿಲು ತೆರೆಯುವುದಿಲ್ಲ, ಹೇಳಿದ ಮೇಲೆ ತೂಕದಲ್ಲಿ ಹಿಡಿಯದಿದ್ದರೆ ಅವರಿಗೆ ಗಿಟ್ಟುವುದಿಲ್ಲ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಾದರೋ ಗಿರಾಕಿಯ ಕಡೆಗೇ ಮುಖ ಮಾಡಿಕೊಂಡಿದೆ; ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿದೆ. ಆದರೂ ಅನುಮಾನ ಬಿಡದೆ, ಒಮ್ಮೆ ದಿನಸಿ ಅಂಗಡಿಯಿಂದ ಬರುವಾಗ ಒಡೆಯದ ಐದು ಕಿಲೋ ಗೋಧಿಹಿಟ್ಟಿನ ಪೊಟ್ಟಣವನ್ನು ಅದರ ಮೇಲಿಟ್ಟು ನೋಡಿದೆ. ತೂಕ ಸರಿಯಾಗಿತ್ತು. ಮಾಲೀಕರು ನಕ್ಕರೇ ಹೊರತು ಬೇಸರಪಟ್ಟುಕೊಳ್ಳಲಿಲ್ಲ.

ಇನ್ನು ವರ್ಷದ ಲೆಕ್ಕ. ಹದಿನಾರು ಪುಟದ ಒಂದು ದಿನಪತ್ರಿಕೆ ಸುಮಾರು 70 ಗ್ರಾಂ ತೂಗುತ್ತದೆ. ನಮ್ಮಲ್ಲಿ ಕನ್ನಡದ್ದೊಂದು, ಪುರವಣಿಗಳಿಂದ ದಪ್ಪನಾದ ಇಂಗ್ಲಿಷಿನದೊಂದು ಬರುವುದರಿಂದ ವರ್ಷಕ್ಕೆ 68 ಕಿಲೋ ಆಯಿತು. 14 ರೂಪಾಯಿಯಂತೆ 952. ಎರಡೂ ಪತ್ರಿಕೆಗಳಿಗೆ ತಿಂಗಳಿಗೆ 400 ರೂಪಾಯಿ ತೆರುವ ನಮಗೆ ಇದರಿಂದ ಐದರಲ್ಲೊಂದು ಪಾಲು ಮರಳಿ ಬಂದಂತಾಯಿತು. ಮಕ್ಕಳ ನೋಟ್‌ಬುಕ್ 15 ಕಿಲೋಗೆ 180, ಆನ್‌ಲೈನ್ ಖರೀದಿಯ ರಟ್ಟು 24 ಕಿಲೋಗೆ 192, ಕಬ್ಬಿಣ 6 ಕಿಲೋಗೆ 150, ಪ್ಲಾಸ್ಟಿಕ್ 10 ಕಿಲೋಗೆ 100. ಒಟ್ಟು 1574 ರೂಪಾಯಿ. ವಾರಕ್ಕೆ ಹತ್ತು ನಿಮಿಷ ಬೇರ್ಪಡಿಸಿ ಕಟ್ಟು ಕಟ್ಟುವುದು, ಮೂರು ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಒಯ್ಯುವುದು ಎಲ್ಲ ಸೇರಿದರೆ ಹನ್ನೊಂದು ಗಂಟೆಯ ಕೆಲಸ. ಗಂಟೆಗೆ 143 ರೂಪಾಯಿ ಬಿದ್ದಿತು. ಅಂಗಡಿ ದೂರವಿದ್ದು ಆಟೋ ಹಿಡಿಯಬೇಕಾಗಿದ್ದರೆ ಕನಿಷ್ಠ ದರವಾದ 36 ರೂಪಾಯಿಯಂತೆ ನಾಲ್ಕು ಸಲಕ್ಕೆ, ಅದೂ ಹೋಗುವುದಕ್ಕೆ ಮಾತ್ರ, 144 ರೂಪಾಯಿ ಕಳೆಯಬೇಕಾಗುತ್ತಿತ್ತು. ಹತ್ತಿರದಲ್ಲಿ ಅಂಗಡಿಯಿರುವುದೇ ಇಲ್ಲಿನ ಅರ್ಧ ಲಾಭ.

ರಟ್ಟಿಗಿಂತ ಪತ್ರಿಕೆಗೆ ಹೆಚ್ಚು ಬೆಲೆ ಏಕೆಂದು ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ತಿಳಿಯುತ್ತದೆ. ಮಡಿಕೆ ಕೆಡದ ಪತ್ರಿಕೆಗಳು ನೇರವಾಗಿ ಕಾರ್ಖಾನೆಗೆ ಹೋಗುವುದಿಲ್ಲ. ಹೂವಿನವರು, ಬಳೆ ಅಂಗಡಿಯವರು, ಗೋಡೆಗೆ ಬಣ್ಣ ಬಳಿಯುವವರು ಅವನ್ನು ಕಿಲೋ ಲೆಕ್ಕದಲ್ಲಿ ಕೊಂಡೊಯ್ಯುತ್ತಾರೆ. ಬೋಂಡಾ ಕಟ್ಟಿಕೊಡುವವರೂ ಒಯ್ಯುತ್ತಾರೆ. ಮುದ್ರಣದ ಶಾಯಿ ಆಹಾರಕ್ಕೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದ್ದರೂ ಆ ರೂಢಿ ಪೂರ್ತಿ ನಿಂತಿಲ್ಲ. ರಟ್ಟಿಗೆ ಇಂಥ ಎರಡನೆಯ ಬದುಕು ಅಪರೂಪ. ಅದನ್ನು ನೀರಿನಲ್ಲಿ ಅರೆದು, ಅಂಟುಪಟ್ಟಿ, ಪಿನ್ನುಗಳನ್ನು ತೆಗೆದು, ಮತ್ತೆ ರಟ್ಟನ್ನೇ ಮಾಡಬೇಕು. ಪ್ರತಿ ಸಲ ಅರೆದಾಗಲೂ ಕಾಗದದ ನಾರು ಗಿಡ್ಡವಾಗುತ್ತ ಹೋಗಿ, ಐದರಿಂದ ಏಳು ಸುತ್ತಿನ ಬಳಿಕ ಕೆಲಸಕ್ಕೆ ಬಾರದಾಗುತ್ತದೆ. ನಂಜನಗೂಡಿನಲ್ಲಿ ಹಳೆಯ ಕಾಗದದಿಂದಲೇ ಕಾಗದ ತಯಾರಿಸುವ ಕಾರ್ಖಾನೆಯಿದೆ. ಆದರೆ ನಮ್ಮ ಬೀದಿಯ ದರ ನಿಗದಿಯಾಗುವುದು ಅಲ್ಲಿ ಮಾತ್ರವಲ್ಲ. ನಮ್ಮ ದೇಶ ಹಳೆಯ ಕಾಗದವನ್ನು ಹೊರಗಿನಿಂದಲೂ ತರಿಸಿಕೊಳ್ಳುವುದರಿಂದ, 2018ರಲ್ಲಿ ಚೀನಾ ಮಿಶ್ರ ಕಾಗದದ ಆಮದನ್ನು ನಿಲ್ಲಿಸಿದಾಗ ಜಗತ್ತಿನ ಮಾರುಕಟ್ಟೆಯಲ್ಲಿ ಆದಂಥ ಏರುಪೇರು ನಮ್ಮ ಅಟ್ಟದ ಕಟ್ಟಿನವರೆಗೂ ಬರುತ್ತದೆ.

ಏನನ್ನು ಕೊಳ್ಳುವುದಿಲ್ಲವೆಂಬುದನ್ನು ಈ ಅಂಗಡಿಯಲ್ಲಿ ಮುಲಾಜಿಲ್ಲದೆ ಹೇಳುತ್ತಾರೆ. ಎಣ್ಣೆ ಹೀರಿದ ಪಿಜ್ಜಾ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟ, ಅಂಗಡಿ ಬಿಲ್ಲಿನ ಉಷ್ಣಕಾಗದ, ಥರ್ಮಾಕೋಲ್ ಇವು ಹೊರಕ್ಕೆ. ನಾನು ಅಭಿಮಾನದಿಂದ ಒಯ್ದಿದ್ದ ಎರಡು ಕಿಲೋ ಲಗ್ನಪತ್ರಿಕೆಗಳನ್ನು ನೋಡಿ, "ಇದು ಪೇಪರ್ ಅಲ್ಲ ಸಾರ್, ಮೇಲೆಲ್ಲ ಪ್ಲಾಸ್ಟಿಕ್" ಎಂದು ಮರಳಿಸಿದರು.

ಆ್ಯಪ್‌ನ ಕಂಪನಿ ಪತ್ರಿಕೆಗೆ 11 ರೂಪಾಯಿ ಕೊಟ್ಟಿತು, ಗೊತ್ತುಮಾಡಿದ ದಿನ ಬಾರದೆ ಮೂರನೆಯ ದಿನ ಬಂದಿತು. ಹಣ ಮಾತ್ರ ಕೂಡಲೇ ಖಾತೆಗೆ ಬಿತ್ತು. ಕೆಟ್ಟ ಮಿಕ್ಸಿ, ಹಳೆಯ ಚಾರ್ಜರುಗಳನ್ನೂ ಒಯ್ಯುವುದರಿಂದ, ಮೇಲಿನ ಮಹಡಿಯಲ್ಲಿ ಒಂಟಿಯಾಗಿರುವ ವೃದ್ಧರಿಗೆ ಅದು ಅನುಕೂಲವೇ ಸರಿ.

ಇಷ್ಟೆಲ್ಲ ಬೇರ್ಪಡಿಸಿದ್ದಕ್ಕೆ ಊರಿನ ಆಡಳಿತದಿಂದ ಏನು ರಿಯಾಯಿತಿಯೆಂದು ನೋಡಿದರೆ, ಏನೂ ಇಲ್ಲ. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಕಟ್ಟಡದ ವಿಸ್ತೀರ್ಣ ನೋಡಿ ಕಸದ ಶುಲ್ಕ ವಿಧಿಸಲಾಗುತ್ತಿದೆ; ಒಂದರಿಂದ ಎರಡು ಸಾವಿರ ಚದರ ಅಡಿಯೊಳಗಿನ ನಮ್ಮ ಮನೆಗೆ ತಿಂಗಳಿಗೆ 100 ರೂಪಾಯಿ. ವರ್ಷದ 1200ನ್ನು ಕಳೆದರೆ ನನ್ನ 1574ರಲ್ಲಿ ಉಳಿಯುವುದು 374. ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕುವ ಪಕ್ಕದ ಮನೆಯವರೂ ಅಷ್ಟೇ ಶುಲ್ಕ ಕಟ್ಟುತ್ತಾರೆ. ಹಾಗೆ ತುರುಕಿದ್ದರ ಬೆಲೆಯನ್ನು ಮೊದಲು ತೆತ್ತದ್ದು ಮಂಡೂರಿನಂಥ ಹಳ್ಳಿಗಳು. ಅಲ್ಲಿನವರ ಹೋರಾಟದಿಂದ 2014ರ ಕೊನೆಗೆ ನಗರದ ಕಸ ಅಲ್ಲಿ ಸುರಿಯುವುದು ನಿಂತಿತು. ಹೀಗಾಗಿ, ಬೇರ್ಪಡಿಸಿದವರ ಕೈಗೆ ನಾಲ್ಕು ಕಾಸು ಇಡುವ ವ್ಯವಸ್ಥೆಯೆಂದು ಈ ಊರಿನಲ್ಲಿ ನಾನು ಕಂಡದ್ದು ಗುಜರಿ ಅಂಗಡಿಯನ್ನೇ.

ಅಂಗಡಿಯ ಕೊರತೆಗಳೂ ಇವೆ. ರಸೀದಿ ಕೊಡುವುದಿಲ್ಲ, ಗೋಣಿಚೀಲಗಳು ಪಾದಚಾರಿ ಮಾರ್ಗವನ್ನು ನುಂಗಿವೆ, ಭಾನುವಾರ ಬೆಳಿಗ್ಗೆ ಹೋದರೆ ಅರ್ಧ ಗಂಟೆ ಕಾಯಬೇಕು. ಒದ್ದೆಯಾದ ಸರಕಿನ ವಿಷಯದಲ್ಲಂತೂ ಬಹಳ ಬಿಗಿ. ಆಷಾಢದ ಜಡಿಮಳೆಯಲ್ಲಿ ನೆನೆದ 9 ಕಿಲೋ ರಟ್ಟಿಗೆ ಕಿಲೋಗೆ ನಾಲ್ಕೇ ರೂಪಾಯಿ ಎಂದರು. ಛಲದಿಂದ ಮನೆಗೆ ತಂದು, ಮೂರು ದಿನ ಬಟ್ಟೆ ಒಣಹಾಕುವ ಜಾಗವನ್ನೆಲ್ಲ ಆಕ್ರಮಿಸಿ ಒಣಗಿಸಿ, ಮತ್ತೆ ಒಯ್ದೆ. ಎಂಟು ರೂಪಾಯಿ ದರವೇನೋ ಸಿಕ್ಕಿತು, ಆದರೆ ತೂಕ 6 ಕಿಲೋಗೆ ಇಳಿದಿತ್ತು: 36ರ ಬದಲು 48. ಮನೆಯಾಕೆಯ ಮುಂದೆ ಈ ಹನ್ನೆರಡು ರೂಪಾಯಿಯ ಲಾಭವನ್ನು ನಾನು ಇನ್ನೂ ಪ್ರಸ್ತಾಪಿಸಿಲ್ಲ.