ಕುಮಾರ ಪರ್ವತ ಇಳಿಯೋಕೆ ಯಾವ ಶೂ ಒಳ್ಳೆಯದು?

ಮುಂಭಾಗ ಅಗಲವಿರುವ, ಕಣಕಾಲು ಮುಚ್ಚದ, ಜಾಲರಿ ಬಟ್ಟೆಯ ಟ್ರೆಕ್ಕಿಂಗ್ ಶೂ. ನನ್ನ ಮಟ್ಟಿಗೆ ಇದೇ ಸರಿ. ವಾಟರ್‌ಪ್ರೂಫ್ ಬೂಟು, ಹಂಟರ್ ಶೂ (ರಬ್ಬರ್ ಅಡಿಯ ಕ್ಯಾನ್ವಾಸ್ ಶೂ) ಎರಡನ್ನೂ ಘಟ್ಟದಲ್ಲಿ ಹಾಕಿ ನಡೆದ ಮೇಲೆ ಹೇಳುತ್ತಿದ್ದೇನೆ.

ಬೂಟಿನ ತೊಂದರೆ ಅಂಗಡಿಯಲ್ಲಿ ಗೊತ್ತೇ ಆಗುವುದಿಲ್ಲ. ಕುಕ್ಕೆಯಿಂದ ಕುಮಾರ ಪರ್ವತ ಹತ್ತುವಾಗಲೂ ಅದು ಸುಮ್ಮನಿತ್ತು. 1712 ಮೀಟರ್ ಎತ್ತರದ ತುದಿಯಿಂದ ಇಳಿಯುವಾಗ, ದಾರಿಯಲ್ಲಿ ಸಿಗುವ ಶೇಷಪರ್ವತ ದಾಟಿದ ಮೇಲೆ, ಪ್ರತಿ ಹೆಜ್ಜೆಗೂ ಹೆಬ್ಬೆರಳು ಬೂಟಿನ ತುದಿಗೆ ಗುದ್ದತೊಡಗಿತು. ಇನ್ನೂ ಕೆಳಗಿನ ಗಿರಿಗದ್ದೆ ಹತ್ತಿರ ಬರುವಾಗ ಕಾಲನ್ನು ಅಡ್ಡಡ್ಡ ಇಟ್ಟು ಇಳಿಯುತ್ತಿದ್ದೆ. ಉಗುರು ಕಪ್ಪಾಗಿ, ಆಮೇಲೆ ಬಿದ್ದೇ ಹೋಯಿತು.

ಒಂದು ಸೈಜ್ ದೊಡ್ಡದು ತಗೊಂಡರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಗೆಳೆಯನ ಹತ್ತಿರ ಅದೇ ಬೂಟು ಒಂದು ಸೈಜ್ ದೊಡ್ಡದಿತ್ತು. ಹಾಕಿ ನಡೆದೆ. ಬೆರಳಿನ ಮುಂದೆ ಜಾಗ ಸಿಕ್ಕಿತು, ಆದರೆ ಹಿಮ್ಮಡಿ ಎದ್ದೆದ್ದು ಉಜ್ಜಿ ಬೊಬ್ಬೆ ಬಂತು. ಕಿರುಬೆರಳು ಮಾತ್ರ ಮೊದಲಿನಂತೆಯೇ ಒತ್ತುತ್ತಿತ್ತು. ಲೇಸನ್ನು ಮೇಲಿನ ತೂತುಗಳಲ್ಲಿ ಕುಣಿಕೆ ಮಾಡಿ ಬಿಗಿದರೆ ಹಿಮ್ಮಡಿ ತಕ್ಕಮಟ್ಟಿಗೆ ನಿಲ್ಲುತ್ತದೆ. ಅಗಲ ಸಾಲದಿದ್ದರೆ ಲೇಸು ಏನು ಮಾಡೀತು? ಚಪ್ಪಲಿಯಲ್ಲೇ ಬೆಳೆದ ನಮ್ಮಲ್ಲಿ ಎಷ್ಟೋ ಜನರ ಪಾದ ಮುಂದೆ ಅಗಲವೇ, ಅಲ್ವಾ? ಸೈಜಿನ ನಂಬರ್ ಮಾತ್ರ ಉದ್ದವನ್ನಷ್ಟೇ ಹೇಳುತ್ತದೆ.

ಇನ್ನು ವಾಟರ್‌ಪ್ರೂಫ್. ಮುಳ್ಳೋಡಿಯಿಂದ ಕುದುರೆಮುಖಕ್ಕೆ ಹೋಗುವಾಗ ಹಳ್ಳ ದಾಟಬೇಕು. ಬೂಟಿನ ಮೇಲಿನಿಂದ ಒಳಗೆ ಹೋದ ನೀರು ಹೊರಗೆ ಬರುವುದೇ ಇಲ್ಲ.

ಹಂಟರ್ ಶೂ ಅಗ್ಗ, ಕೆಸರಲ್ಲಿ ಒಳ್ಳೆ ಹಿಡಿತ. ಕಲ್ಲುಹಾದಿಯಲ್ಲಿ ಮಾತ್ರ ಅಂಗಾಲು ಉರಿಯುತ್ತದೆ.

ಜಾಲರಿ ಶೂ ಕೊಳ್ಳಲು ಸಂಜೆ ಹೋದೆ. ಅಷ್ಟು ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ದಪ್ಪ ಸಾಕ್ಸ್ ಹಾಕಿಕೊಂಡೇ, ಶೂ ಒಳಗಿನ ಹಾಸು ತೆಗೆದು ಅದರ ಮೇಲೆ ನಿಂತೆ. ಪಾದ ಯಾವ ಪಕ್ಕಕ್ಕೂ ಆಚೆ ಬರಲಿಲ್ಲ, ಮುಂದೆ ಒಂದು ಬೆರಳಿನಷ್ಟು ಜಾಗ ಉಳಿಯಿತು. ಅಂಗಡಿಯ ಮೆಟ್ಟಿಲನ್ನು ಪದೇ ಪದೇ ಇಳಿದು ನೋಡಿದೆ. ಎಲ್ಲೂ ಗುದ್ದಲಿಲ್ಲ. ಹಳ್ಳದಲ್ಲಿ ನೆನೆದರೂ ನಡೆಯುತ್ತಾ ನಡೆಯುತ್ತಾ ನೀರು ಇಳಿದುಹೋಗುತ್ತದೆ. ಇಂಬಳಕ್ಕೆ ಲೀಚ್ ಸಾಕ್ಸ್ ಬೇಕು, ಅದು ಬೂಟಿಗೂ ಬೇಕು.

ನಾನು ಹೋಗುವುದು ಹೆಚ್ಚಾಗಿ ಒಂದು ದಿನದ ಟ್ರೆಕ್, ಹಗುರ ಬ್ಯಾಗು. ಶೂಗೆ ಮೂರು ಸಾವಿರಕ್ಕಿಂತ ಜಾಸ್ತಿ ಹಾಕಲಾರೆ. ಹಿಮದಲ್ಲಿ, ಭಾರ ಹೊತ್ತು ನಡೆಯುವವರಿಗೆ ಬೂಟೇ ಬೇಕು. ಅವರೂ ಅಗಲದ ಮಾದರಿ ಕೇಳಿ, ಮೆಟ್ಟಿಲು ಇಳಿದು ನೋಡಿಯೇ ಕೊಳ್ಳಲಿ.