ಹೆಸರು ಹೊಂದಿತೆಂದು ಹ್ಯೂಗೆನಾಟ್ ವಂಶವೃಕ್ಷಕ್ಕೆ ದುಡ್ಡು ಸುರಿಯಬೇಡಿ

ಹ್ಯೂಗೆನಾಟರೆಂದರೆ ಫ್ರಾನ್ಸಿನ ಪ್ರೊಟೆಸ್ಟೆಂಟ್ ಕ್ರೈಸ್ತರು; ಕಿರುಕುಳ ತಾಳದೆ ಅನೇಕರು ದೇಶ ಬಿಟ್ಟರು. ಅವರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ ನೇಕಾರರ ಮನೆತನವೊಂದಕ್ಕೆ ದುಡ್ಡು ತೆಗೆದುಕೊಂಡು ಮಾಡಿಕೊಟ್ಟ ವಂಶವೃಕ್ಷ ಪೂರ್ತಿ ಸುಳ್ಳಾಯಿತು. ಎಲ್ಲಿ ಕೆಟ್ಟಿತು ಅನ್ನುವುದನ್ನು ಬಿಡಿಸಿ ಹೇಳುತ್ತೇವೆ. ಅಂಥದೇ ಒಂದು ನಿಮ್ಮ ಕೈಯಲ್ಲಿದ್ದರೆ, ಉಳಿದ ಹಣ ಕಟ್ಟುವ ಮೊದಲು ಓದಿ.

ನೇಕಾರನ ತಂದೆ ಎಂದು ತೋರಿಸಿದ್ದು ಫ್ರಾನ್ಸಿನ ಲಾ ರೋಶೆಲ್‌ನಲ್ಲಿ ಜ್ಞಾನಸ್ನಾನ (ಮಗುವನ್ನು ಚರ್ಚಿಗೆ ಸೇರಿಸುವ ವಿಧಿ) ಆದ ಒಬ್ಬ ಪಿಯೆರ್‌ನನ್ನು. ಆಧಾರ ಕೇಳಿದರೆ ಹೆಸರು, ಅಡ್ಡಹೆಸರು ಹೊಂದುತ್ತವೆ ಅನ್ನುವುದಷ್ಟೇ. ಅದೇ ಊರಿನ ಸಮಾಧಿ ದಾಖಲೆ ತಿರುವಿದ್ದರೆ ಆ ಮಗು ವರ್ಷ ತುಂಬುವ ಮೊದಲೇ ತೀರಿಕೊಂಡದ್ದು ಕಾಣುತ್ತಿತ್ತು. ಆಗ ಚಾಲ್ತಿಯಲ್ಲಿದ್ದ ಹೆಸರುಗಳೇ ಕಡಿಮೆ. ಒಂದೇ ಊರಲ್ಲಿ ಮೂವರು ಪಿಯೆರ್ ಇರುವುದು ಮಾಮೂಲು. ಜ್ಞಾನಸ್ನಾನ ಸಿಕ್ಕ ತಕ್ಷಣ ಸಾವನ್ನೂ ಹುಡುಕಲೇಬೇಕು.

ಎರಡನೆಯದು ಇಸವಿಯ ತಪ್ಪು. ಇಂಗ್ಲಿಷ್ ಪ್ಯಾರಿಷ್ (ಊರ ಚರ್ಚಿನ) ಪುಸ್ತಕದಲ್ಲಿ ಮದುವೆ 1712ರ ಏಪ್ರಿಲ್, ಮಗುವಿನ ಜ್ಞಾನಸ್ನಾನ 1712ರ ಫೆಬ್ರವರಿ. ಮದುವೆಗೆ ಮೊದಲೇ ಮಗುವೇ ಎಂದುಕೊಂಡು ಅದನ್ನು ಬೇರೆ ದಂಪತಿಗೆ ಅಂಟಿಸಿಬಿಟ್ಟರು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಆ ಫೆಬ್ರವರಿ ನಮ್ಮ ಲೆಕ್ಕದ 1713; ಮದುವೆಯಾಗಿ ಹತ್ತು ತಿಂಗಳಿಗೆ ಹುಟ್ಟಿದ ಮಗು. ಪುಸ್ತಕದಲ್ಲಿ ಡಿಸೆಂಬರ್ ಮುಗಿದ ಮೇಲೆ ಇಸವಿ ಬದಲಾಗುತ್ತದೆಯೇ ನೋಡಿದರೆ ಸಾಕು, ಗೊತ್ತಾಗುತ್ತದೆ.

ಹುಡುಕಾಟ ಸಮುದ್ರ ದಾಟಿ ಫ್ರಾನ್ಸಿಗೆ ಹೋಗುವ ಮೊದಲು ಪೂರ್ವಜನ ಹುಟ್ಟೂರು ಕಾಗದದಲ್ಲಿ ಸಿಗಬೇಕು. ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯ ಫ್ರೆಂಚ್ ಚರ್ಚಿನ ಮದುವೆ ದಾಖಲೆಗಳಲ್ಲಿ ಎಷ್ಟೋ ಕಡೆ ವಧೂವರರ ಊರು ಬರೆದಿರುತ್ತದೆ. ಸದಸ್ಯರಾಗಿ ಸೇರುವಾಗ ಹಳೆಯ ಸಭೆಯಿಂದ ತಂದ ಪತ್ರವನ್ನು ತೆಮ್ವಾನ್ಯಾಜ್ ಎನ್ನುತ್ತಿದ್ದರು. ಅದರ ನಮೂದೂ ಬೆಲೆಬಾಳುವಂಥದು. ಫ್ರೆಂಚ್ ದಾಖಲೆಗಳಲ್ಲಿ ಹೆಂಗಸರಿಗೆ ತವರಿನ ಹೆಸರೇ ಇರುತ್ತದೆ. ಅದನ್ನೂ ಜ್ಞಾನತಂದೆ-ತಾಯಿಯರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಇಬ್ಬರು ಪಿಯೆರ್‌ಗಳನ್ನು ಬೇರ್ಪಡಿಸುವುದು ಅವೇ.

ಅಡ್ಡಹೆಸರು ನಂಬಿ ಕೂರುವ ಹಾಗಿಲ್ಲ. 1688ರಿಂದ ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋದವರಲ್ಲಿ ಲೆ ಕ್ಲೆರ್ಕ್ ಡಿ ಕ್ಲರ್ಕ್ ಆಯಿತು. ಕ್ರಿಕೆಟ್ ನೋಡುವವರಿಗೆ ಗೊತ್ತಿರುವ ಕ್ರೋನ್ಯೆ ಮೂಲದಲ್ಲಿ ಕ್ರೋನಿಯೆ. ಹಾಗೆಯೇ ಫ್ರೆಂಚ್ ಹೆಸರಿದ್ದವರೆಲ್ಲ ಹ್ಯೂಗೆನಾಟರೂ ಅಲ್ಲ.

ಫ್ರಾನ್ಸಿನೊಳಗೆ ದೊಡ್ಡ ಕಂದಕ 1685ರಿಂದ 1787ರವರೆಗಿನದು. ಪ್ರೊಟೆಸ್ಟೆಂಟರಿಗೆ ಧರ್ಮಾಚರಣೆಯ ಹಕ್ಕು ಕೊಟ್ಟಿದ್ದ ನಾಂಟ್ ಶಾಸನ 1685ರಲ್ಲಿ ರದ್ದಾದ ಮೇಲೆ ಅವರಿಗೆ ಕಾನೂನು ಮಾನ್ಯತೆಯ ರಿಜಿಸ್ಟರೇ ಇರಲಿಲ್ಲ. ದೇಶ ಬಿಡದೆ ಉಳಿದವರು ಕ್ಯಾಥೊಲಿಕ್ ಪುಸ್ತಕದಲ್ಲೇ 'ಹೊಸದಾಗಿ ಮತಾಂತರವಾದವರು' ಎಂಬ ಗುರುತಿನೊಡನೆ ಸಿಗಬಹುದು. ಇಲ್ಲವಾದರೆ ಜಿಲ್ಲಾ ಪತ್ರಾಗಾರದಲ್ಲಿ ನೋಟರಿಗಳ ಮದುವೆ ಕರಾರು ತೆಗೆಸಿ. ಪ್ರೊಟೆಸ್ಟೆಂಟರ ಮದುವೆ, ಜನನಗಳಿಗೆ ಮಾನ್ಯತೆ ಕೊಟ್ಟ 1787ರ ಶಾಸನದ ನಂತರ ಹಳೆಯ ಮದುವೆ, ಮಕ್ಕಳ ಜನನ ಎಲ್ಲವನ್ನೂ ಒಟ್ಟಿಗೆ ಬರೆಸಿದವರಿದ್ದಾರೆ. ಒಂದೇ ಹಾಳೆಯಲ್ಲಿ ಇಡೀ ಸಂಸಾರ!

ಪ್ಯಾರಿಸ್ ಪ್ರೊಟೆಸ್ಟೆಂಟರ ಶಾರಂಟೊನ್ ಮಂದಿರದ ರಿಜಿಸ್ಟರುಗಳು 1871ರ ಬೆಂಕಿಯಲ್ಲಿ ಸುಟ್ಟುಹೋದವು. ಮೊದಲೇ ನಕಲು ಮಾಡಿದ್ದ ಕೆಲವು ಭಾಗಗಳಷ್ಟೇ ಉಳಿದಿವೆ. ಅದರ ಮೂಲ ಪುಟದ ಫೋಟೊ ತರಿಸಿಕೊಡುತ್ತೇನೆ ಎಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.